ಕೆಂಪೊಂದು ಗೆರೆ, ಬಿಳಿಯೊಂದು

ಎರಡು ಡಬ್ಬಿ ಬಣ್ಣ, ಎರಡು ಬ್ರಶ್ಶು,
ಕಲ್ಲಿಗೆ ಹನ್ನೆರಡು ರೂಪಾಯಿ.
ಕುಮಟೆಯಲ್ಲಿ ಅಂಗಡಿ ಬೋರ್ಡು, ಲಾರಿ ಬೆನ್ನು ಬರೆಯುವ ನನಗೆ
ಅಕ್ಷರವೇ ಇಲ್ಲದ ಕೆಲಸ ಇದೇ ಮೊದಲು.

ಸಾಹೇಬರು ಮೊಬೈಲಿನಲ್ಲಿ ಚಿತ್ರ ತೋರಿಸಿದ್ದರು:
ಫ್ರಾನ್ಸಿನ ಯಾವುದೋ ಗುಡ್ಡ, ಬಾಚಿದಂತೆ ದ್ರಾಕ್ಷಿ ಸಾಲು,
ಗಂಟೆ ಗೋಪುರದ ಊರು, ಊರಾಚೆ ಕಾಡು,
ಕಾಲುದಾರಿಯ ಪಕ್ಕ ಒಂದು ಕಲ್ಲು,
ಕಲ್ಲಿನ ಮೇಲೆ ಕೆಂಪೊಂದು ಗೆರೆ, ಬಿಳಿಯೊಂದು ಗೆರೆ.
'ಇದನ್ನು ಹಿಡಿದು ನಡೆದರೆ
ಅಲ್ಲಿ ಕುರುಡನೂ ದಾರಿ ತಪ್ಪುವುದಿಲ್ಲ' ಎಂದರು.
ಕುರುಡ ಗೆರೆಯನ್ನು ಹೇಗೆ ಕಂಡಾನೆಂದು ನಾನು ಕೇಳಲಿಲ್ಲ.
ಮುಂಗಡ ಇನ್ನೂ ಕೈಸೇರಿರಲಿಲ್ಲ.

ಸಾಣಿಕಟ್ಟೆಯ ಉಪ್ಪಿನಾಗರದಿಂದ ಶುರು.
ಉಪ್ಪು ಹತ್ತಿ ಹೋದ, ಮೆಣಸು ಇಳಿದು ಬಂದ
ಹೇರೆತ್ತಿನ ದಾರಿಯಂತೆ, ಕಾಗದ ಹೇಳುತ್ತದೆ.
ಮೊದಲ ಗುರುತು ಆಗರದ ತೂಬಿನ ಹಲಗೆಗೆ.
ಅಷ್ಟು ಬಿಳಿಯ ಗುಡ್ಡೆಗಳ ನಡುವೆ ನನ್ನ ಬಿಳಿ
ಬಡವರ ಮನೆಯ ನೆಂಟನಂತೆ ನಿಂತಿತು,
ಕೆಂಪು ಮಾತ್ರ ಕಂಡಿತು.
ಮಿರ್ಜಾನಿನಲ್ಲಿ ಎಲ್ಲ ತಿರುವುಮುರುವು:
ಕೋಟೆಗೆ ಹೋಗುವ ಓಣಿಯ ಚಿರೆಕಲ್ಲಿಗೆ ಕೆಂಪು ಬಳಿದರೆ
ಕಲ್ಲು ಕುಡಿದೇಬಿಟ್ಟಿತು.
ಡಬ್ಬಿಯ ಬಾಯಿ ಮುಚ್ಚಿ ಚೀಲಕ್ಕೆ ಹಾಕಿದೆ.
ಲೆಕ್ಕದಲ್ಲಿ ಎರಡೂ ಬಳಿದಿದ್ದೇನೆಂದೇ ಬರೆದೆ.

ಕತಗಾಲ ದಾಟಿದ ಮೇಲೆ ಮರ, ಮರವನ್ನು ತಬ್ಬಿದ ಕಾಡುಮೆಣಸು,
ದ್ರಾಕ್ಷಿಯ ಗೊಂಚಲಲ್ಲ, ಬೆರಳುದ್ದದ ಕರೆಗಳು,
ಒಂದು ಕಾಳು ಕಚ್ಚಿದರೆ ಅರ್ಧ ಮೈಲಿ ನಾಲಿಗೆ ಉರಿ.
ಅಲ್ಲಿ ಸಿಕ್ಕಳು ಸೋಮಿ ಗೌಡ,
ತಲೆಮೇಲೆ ತರಗೆಲೆಯ ಹೆಡಿಗೆ, ಕುತ್ತಿಗೆ ತುಂಬ ಮಣಿಸರ.
'ಯಂತದಾ ತಮಾ, ಮರಕ್ಕೆ ಪಟ್ಟಿ ಕಟ್ಟೂದು? ಗಾಯ ಆಗದ್ಯಾ?'
ದಾರಿ ಗುರುತು ಎಂದೆ.
'ಯಾವ ದಾರಿದು? ಇದು ಬೇಸಗಿದು.
ಮಳಿಗಾಲದ್ದು ಆ ಬದಿಗೆ, ಹಳ್ಳ ಬಿಟ್ಟು.
ಹೊರೆ ಇದ್ರೆ ಒಂದು, ಬಸುರಿ ಇದ್ರೆ ಒಂದು,
ಹೆಣ ಹೊತ್ರೆ ಮತ್ತೊಂದು, ಅದ್ರಲ್ಲಿ ತಿರುಗಿ ಬರೂಕಿಲ್ಲ.
ನೀ ಯಾವುದಕ್ಕೆ ಬಳೂದು?'

ಆದೇಶದ ಹಾಳೆ ಬಿಡಿಸಿ ನೋಡಿದೆ.
ಅದರಲ್ಲಿ ಬಸುರಿಯ ದಾರಿ ಇರಲಿಲ್ಲ.

ಸ್ವಲ್ಪ ದೂರ ಒಟ್ಟಿಗೇ ನಡೆದೆವು.
ಘಟ್ಟದ ಮೊದಲ ಏರಿನಲ್ಲಿ ಎದೆಮಟ್ಟದ ಒಂದು ಕಲ್ಲು,
ಹೊರೆ ಇಳಿಸುವ ಕಲ್ಲು.
ಯಾರನ್ನೂ ಕರೆಯದೆ, ಯಾರ ಸಹಾಯವೂ ಇಲ್ಲದೆ
ಇಳಿಸಬಹುದು, ಮತ್ತೆ ತಲೆಗೆ ಏರಿಸಿಕೊಳ್ಳಬಹುದು.
ಅಂಚು ಸವೆದು ಎಮ್ಮೆಯ ಮೂಗಿನಂತೆ ನುಣುಪು.
ಬ್ರಶ್ಶು ಎತ್ತಿದೆ. 'ಬ್ಯಾಡ,' ಎಂದಳು,
'ಹಸಿ ಬಣ್ಣ, ಹೆಡಿಗೆಗೆ ಹತ್ತೂದು.'
ಪಟ್ಟಿಯಲ್ಲಿ ಅರವತ್ತೊಂದನೆಯ ಸಾಲು ಹೀಗಿದೆ:
ಒಂದು ಕಲ್ಲು. ಗುರುತು ಮೊದಲೇ ಇತ್ತು.
ಆ ಹನ್ನೆರಡು ರೂಪಾಯಿ ಬರಲಿಲ್ಲ.

ರಾಗಿಹೊಸಳ್ಳಿಯಿಂದ ಬಸ್ಸಿನಲ್ಲಿ ಇಳಿದು ಬರುವಾಗ
ಬಿಟ್ಟುಹೋದ ಒಂದು ಜಾಗ ನೆನಪಾಯಿತು.
ಹೋಗುವಾಗ ಅಘನಾಶಿನಿಯ ದಡಕ್ಕೆ ಬಂದು
ಹೊಳೆಗೆ ಗೆರೆ ಎಳೆಯುವುದು ಹೇಗೆಂದು ಹೊಳೆಯದೆ
ಸುಮ್ಮನೆ ದಾಟಿಬಿಟ್ಟಿದ್ದೆ.
ಮೇಲೆ ಹೆದ್ದಾರಿಯ ಸೇತುವೆ, ಲಾರಿಗಳ ಗುಡುಗು.
ಕೆಳಗೆ ಹಮ್ಮಣ್ಣ ಅಂಬಿಗ, ಬೀಡಿ, ಬೋರಲು ಹಾಕಿದ ದೋಣಿ.
ಉಳಿದ ಕೆಂಪು ಪೂರಾ ಅದರ ಮೂತಿಗೆ ಬಳಿದೆ,
ಕೆಳಗೆ ಬಿಳಿಯೊಂದು ಗೆರೆ.
ಹಮ್ಮಣ್ಣ ದೂರ ಸರಿದು ನೋಡಿದ, ಹತ್ತಿರ ಬಂದು ನೋಡಿದ,
ಮದುವಣಗಿತ್ತಿ ಆಯ್ತಲ್ಲ ಎಂದ.

ಈಗ ಆ ಗುರುತು
ಒಮ್ಮೆ ಈ ದಡದಲ್ಲಿರುತ್ತದೆ, ಒಮ್ಮೆ ಆ ದಡದಲ್ಲಿ.
ನೀರು ಇಳಿದಾಗ ಹಮ್ಮಣ್ಣ ಬಳಚು ಹೆಕ್ಕಲು ಹೋದರೆ
ನಡುಹೊಳೆಯಲ್ಲಿ.
ನಡೆಯುವವರು ಕೂಗಬೇಕು.