ತಕ್ಕಡಿಗೆ ಬಾರದ ಎಲೆ

ನಗರಸಭೆಯವರು ಕೇಳಿದ್ದು ಒಂದು ಚಿತ್ರ:
ವಾಲ್ಪರಾಯ್ಸೊದ ಗುಡ್ಡಗಳ ಮೆಟ್ಟಿಲ ಬುಡದಲ್ಲಿ
ಬಾಯಿ ತೆರೆದು ಕೂತ ತೊಟ್ಟಿಗಳಿಗೆ ಅಂಟಿಸಲು,
ಕಂಡವರ ಮನಸ್ಸು ಕರಗಲು.

ನಾನೊಂದು ಎಲೆ ಬರೆದೆ.
ಹಸಿರೆಂದರೆ ಹಸಿರು, ಅಂಥ ಹಸಿರು
ಈ ಊರಿನ ಯಾವ ಮರಕ್ಕೂ ಇಲ್ಲ.
ತೊಟ್ಟಿನಲ್ಲಿ ಭೂಮಿ, ಭೂಮಿಯ ಸುತ್ತ
ಒಂದರ ಬಾಲ ಒಂದು ಕಚ್ಚಿದ ಮೂರು ಬಾಣ.
ಕಡಲ ಗಾಳಿಗೆ ಕೆಡದಿರಲೆಂದು
ಮೇಲೊಂದು ಪ್ಲಾಸ್ಟಿಕ್ ಪೊರೆ,
ಮೀನಿನ ಹೊಟ್ಟೆಯಂತೆ ಹೊಳೆಯುವಂಥದು.
ಒಂಬೈನೂರು ಪ್ರತಿ. ಬಿಲ್ಲು ಪಾಸಾಯಿತು.
ಅಮ್ಮ ಒಂದನ್ನು ಫ್ರಿಜ್ಜಿಗೆ ಅಂಟಿಸಿದಳು.

ಆಗಸ್ಟಿನಲ್ಲಿ ಉತ್ತರದ ಬಿರುಗಾಳಿ ಬಂತು.
ಗೋಂದು ಸೋತಿತು, ಎಲೆಗಳು ಉದುರಿದವು
(ಒಂದೇ ಸಲ ನಿಜವಾದ ಎಲೆಗಳ ಹಾಗೆ),
ಮೆಟ್ಟಿಲಿಳಿದು ಹೋಗಿ ಬಿದ್ದದ್ದು
ದೋನ್ಯಾ ಎದುವೀಹಿಸಳ ಗುಜರಿ ಅಂಗಳಕ್ಕೆ.

ಅವಳು ಒಂದರ ಮೂಲೆ ಹಿಡಿದು ಹರಿದಳು. ಹರಿಯಲಿಲ್ಲ.
ಹಲ್ಲಿಗೆ ಕೊಟ್ಟಳು. ಹರಿಯಲಿಲ್ಲ.
'ಯಾರು ಮಾಡಿದ್ದು ಇದನ್ನ?'
ನಾನು ಅನ್ನಲು ನಾಲಿಗೆ ತಡವರಿಸಿತು.
'ಕಾಗದದ ರಾಶಿಗೆ ಹಾಕಿದರೆ ಇದು ಪ್ಲಾಸ್ಟಿಕ್ಕು,
ಪ್ಲಾಸ್ಟಿಕ್ಕಿನ ರಾಶಿಗೆ ಹಾಕಿದರೆ ಕಾಗದ.
ಮಗಾ, ನಿನ್ನ ಎಲೆ ನನ್ನ ತಕ್ಕಡಿಗೆ ಬಾರದು.'

ಆಮೇಲೆ ಅಂಗೈ ಬಿಚ್ಚಿದಳು.
'ಇದು ವೈನ್ ಬಾಟಲಿ, ಹೊಸವರ್ಷದ ಮರುದಿನ.
ಇದು ಯಾರದೋ ಕಿಟಕಿ.
ಇದು ಕನ್ನಡಿ, ಮೂರು ಹೊಲಿಗೆ:
ಮುಖ ಅವರು ನೋಡಿಕೊಂಡರು, ರಕ್ತ ನಾನು ನೋಡಿದೆ.'
ಯಾವ ಗೆರೆ ಹುಟ್ಟಿದ್ದು, ಯಾವುದು ಕೊಯ್ದದ್ದು,
ಗೆರೆಯೇ ಕಸುಬಾದ ನನಗೂ ತಿಳಿಯಲಿಲ್ಲ.

ರಾತ್ರಿ ಕೂತು ಭೂಮಿಯನ್ನು ಅಳಿಸಿದೆ.
ಬಾಣ ಮುರಿದೆ. ಹಸಿರನ್ನು ಕೈಬಿಟ್ಟೆ.
ಬಣ್ಣ ಎರಡಾಯಿತು, ಒಂದಾಯಿತು,
ಕಡೆಗೆ ಶಾಯಿಯೇ ಬೇಡವಾಯಿತು.
ಪಕ್ಕದ ಮನೆಯ ವಾಷಿಂಗ್ ಮೆಷಿನ್ನಿನ ಡಬ್ಬದ ರಟ್ಟು,
ಅದರ ಮೇಲೆ ಅವಳ ಅಂಗೈಯಿಟ್ಟು ಸುತ್ತ ಗೀಚಿ
ಚಾಕುವಿನಲ್ಲಿ ಕೊರೆದೆ. ಕೆಳಗೆ ಮೂರೇ ಮಾತು:
ಒಡೆದದ್ದನ್ನು ಸುತ್ತಿ ಹಾಕಿ.

ಮೆಟ್ಟಿಲ ಗೋಡೆಗೆ ವರ್ಷಗಳ ಡೀಸೆಲ್ ಹೊಗೆ,
ಉಪ್ಪು, ಪಾರಿವಾಳದ ಪಾಪ.
ರಟ್ಟನ್ನು ಒತ್ತಿ ಹಿಡಿದು, ಬ್ರಷ್ಷನ್ನು ಬಕೆಟ್ಟಿಗದ್ದಿ
ತಿಕ್ಕಿದೆ. ಕೊಳೆ ಹೋದಲ್ಲಿ ಕೈ ಬಂತು,
ಬಿಳೀ ಕೈ, ಗೋಡೆಯೊಳಗಿಂದಲೇ ಚಾಚಿದ ಹಾಗೆ.
ಇಷ್ಟು ವರ್ಷ ಬರೆದವರಿಗೆ ಅಂದು ಗೊತ್ತಾಯಿತು
ಒರೆಸುವುದೂ ಬರೆಯುವುದೇ.

ಪೊಲೀಸಿನವನು ಬಂದ. 'ಏನು ಮಾಡ್ತಿದ್ದೀರಿ?'
'ತೊಳೀತಿದ್ದೇನೆ.'
ತೊಳೆಯುವುದಕ್ಕೆ ದಂಡ ಎಷ್ಟು, ಅವನ ಪುಸ್ತಕದಲ್ಲಿರಲಿಲ್ಲ.
ಹೋದ.

ನಗರಸಭೆ ಕೇಳಿತು: 'ಎಷ್ಟು ದಿನ ಬಾಳಿಕೆ?'
'ಗೋಡೆ ಮತ್ತೆ ಕೊಳೆಯಾಗುವ ತನಕ.'
'ಖರ್ಚು?' 'ಒಂದು ಬ್ರಷ್ಷು.'
ಆ ಕಡತ ಇನ್ನೂ ಮೇಜು ದಾಟಿಲ್ಲ.

ಊರು ಬದಲಾಯಿತೆಂದು ಹೇಳಲಾರೆ.
ಬಹಳ ಜನ ಎಸೆಯುವಂತೆಯೇ ಎಸೆದರು.
ಆದರೂ ಒಂದು ಸೋಮವಾರ ಎದುವೀಹಿಸ್
ದಿನಪತ್ರಿಕೆ ಸುತ್ತಿದ, ನೂಲು ಕಟ್ಟಿದ
ಒಂದು ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟಳು.
ಮೇಲೆ ಯಾರೋ ಲಿಪ್‌ಸ್ಟಿಕ್ಕಿನಲ್ಲಿ ಬರೆದಿದ್ದರು:
ಜೋಕೆ, ಗಾಜು.
ಒಂದಕ್ಷರ ಎತ್ತರ, ಒಂದು ಕುಳ್ಳು,
ಕೊನೆಯದು ಜಾಗ ಸಾಲದೆ ಮಡಿಕೆಯೊಳಗೆ ನುಗ್ಗಿದೆ.
ನನ್ನಲ್ಲಿರುವ ನಾನೂರು ಲಿಪಿಗಳಲ್ಲಿ
ಒಂದಕ್ಕೂ ಆ ಕಾಳಜಿ ಇಲ್ಲ.

ನೀರು ಕುಡಿದು ಕುಡಿದು ರಟ್ಟು ಮೆತ್ತಗಾಯಿತು,
ಬೆರಳು ಊದಿಕೊಂಡವು. ಅವಳಿಗೇ ಕೊಟ್ಟೆ.
ತಕ್ಕಡಿಗೆ ಹಾಕಿದಳು: 'ಏಳುನೂರು ಗ್ರಾಂ.
ಒದ್ದೆ ಇದೆ. ಐವತ್ತು ಕಳೀತೀನಿ.'
ಎಣಿಸಿ ಕೊಟ್ಟಳು, ಚಿಲ್ಲರೆ ಸಮೇತ.

ಅಮ್ಮನ ಫ್ರಿಜ್ಜಿನ ಮೇಲೆ ಆ ಎಲೆ
ಇನ್ನೂ ಹಸಿರಾಗಿಯೇ ಇದೆ.
ಪಾಪ, ಅದಕ್ಕೆ ಬಾಡಲು ಬರುವುದಿಲ್ಲ.