ಔಟಾದವರ ಮನಿ

ತರಬೇತಿಯಿಂದ ಬಂದ ರಾತ್ರಿ
ವಾಡಿಯ ಬಾಡಿಗೆ ಮನೆಯಲ್ಲಿ
ಮುಸುರೆ ತಿಕ್ಕಿ, ನೆಲ ಒರೆಸಿ, ಒಣಗಲು ಬಿಟ್ಟು,
ಅಡುಗೆಕೋಣೆಯ ಫರಸಿಯ ಮೇಲೆ
ಖಡುವಿನಲ್ಲಿ ನಾಲ್ಕು ಚೌಕ ಬರೆದೆ.

ಒಂದರೊಳಗೆ, ಏನು ಕಲಿಯಬೇಕು: ಭಿನ್ನರಾಶಿ.
ಒಂದರೊಳಗೆ ಆಟದ ನೇಮ.
ಒಂದು ಗರಕ್ಕೆ. ನಸೀಬಿಗೂ ಚೂರು ಜಾಗ ಬೇಕಲ್ಲ.
ಕೊನೆಯದು ಗೆಲುವು, ಅದಕ್ಕೆ ಎರಡೆರಡು ಗೆರೆ.
ನಡುವೆ ಬಾಣಗಳು.

ಕಲಬುರಗಿಯ ಆ ತಣ್ಣನೆಯ ಹಾಲಿನಲ್ಲಿ
ಪರದೆಯ ಮೇಲೆ ಎಲ್ಲವೂ ಸಲೀಸು.
ನೀಲಿ ಚೌಕದಿಂದ ಹಸಿರು ಚೌಕಕ್ಕೆ
ಮಕ್ಕಳು ಒಬ್ಬರೂ ಎಡವದೆ ದಾಟುತ್ತಿದ್ದರು.
"ಮೊದಲ ಚಿತ್ರ ಬರೀರಿ, ಆಮ್ಯಾಗ ಆಟ ಕಟ್ರಿ,
ಚಿತ್ರ ಸುಳ್ಳು ಹೇಳಿದ್ರ ಕಣ್ಣಿಗಿ ಕಾಣ್ತದ"
ಎಂದಿದ್ದರು ತರಬೇತಿಯ ಮೇಡಂ.
ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.
ಚೆಂದ ಬಂದಿದೆ ಎಂದು ಫೋಟೊ ತೆಗೆದುಕೊಂಡೆ.

ನಾಲ್ಕನೆಯದೂ ಐದನೆಯದೂ ಕೂಡಿ ನನಗೆ ಮೂವತ್ತೊಂದು ಮಂದಿ.
ಅರ್ಧ ಜನರ ಅಪ್ಪಂದಿರು ಪಾಲಿಶ್ ಫ್ಯಾಕ್ಟರಿಯ ನೀರಲ್ಲಿ
ಕಾಲು ಬೆಳ್ಳಗೆ ಮಾಡಿಕೊಂಡವರು.
ಬೋರ್ಡಿನ ಮೇಲಿನ ಮೂರರ ಕೆಳಗೆ ನಾಲ್ಕು
ಸಾಬಣ್ಣನಿಗೆ ಯಾವತ್ತೂ ಉಲ್ಟಾ.
ಅದೇ ಸಾಬಣ್ಣ ಎರಡು ಫೂಟಿನ ಕಲ್ಲಿಗೆ ಗೇಣು ಹಾಕಿ
"ಇದು ಮುಕ್ಕಾಲ್ ಉಳದದ್ರೀ, ಮೂಲಿ ಒಡದದ, ರೇಟ್ ಬರಂಗಿಲ್ಲ"
ಎಂದು ನಿಂತಲ್ಲೇ ಹೇಳುತ್ತಾನೆ.

ಮರುದಿನ ಶಾಲೆಯ ಪಡಸಾಲೆಗೆ ಚಿತ್ರ ದೊಡ್ಡದಾಯಿತು.
ಒಂದೊಂದು ಕಲ್ಲು ಒಂದೊಂದು ಚೌಕ,
ಕಲ್ಲಿನ ಸಂದುಗಳೇ ಗೆರೆ.
ಹುಣಸೆಬೀಜದ ಒಂದು ಮಗ್ಗುಲು ತಿಕ್ಕಿ ತಿಕ್ಕಿ ಬಿಳಿ ಮಾಡಿದರು,
ಗರ್ ಗರ್ ಗರ್,
ಹೆಡ್‌ಮಾಸ್ಟರು ಎರಡು ಸಲ ಇಣುಕಿ ಹೋದರು.
ಸರಿ ಹೇಳಿದರೆ ಮುಂದಿನ ಕಲ್ಲು.
ತಪ್ಪಿದರೆ ಹೊರಗೆ. ಅದಕ್ಕೊಂದು ಬಾಣ.

ಮೊದಲ ಸುತ್ತಿಗೇ ಔಟಾದವಳು ತಾಂಡಾದ ಜಮಲಿ.
ಬಾಣದ ಗುಂಟ ನಡೆದಳು.
ಪಡಸಾಲೆಯ ಅಂಚಿಗೆ ಬಾಣ ಮುಗಿದಿತ್ತು.
ಕೆಳಗೆ ನೋಡಿದಳು, ತಿರುಗಿ ನನ್ನನ್ನು ನೋಡಿದಳು.
"ಟೀಚರ್, ಔಟಾದವ್ರ ಮನಿ ಎಲ್ಲದರೀ?
ಬರದೇ ಇಲ್ಲಲ್ರೀ."

ಯಾರೋ ನಕ್ಕರು.
ಹನ್ನೊಂದು ವರ್ಷ ಕಲಿಸಿದ್ದೇನೆ. ಔಟಾದವರು
ಎಲ್ಲೋ ಇರುತ್ತಾರೆ ಅಂದುಕೊಂಡಿದ್ದೆ,
ಹಿಂದಿನ ಸಾಲಿನಲ್ಲಿ, ಕಿಟಕಿಯಾಚೆ ಆಡುಗಳ ಬೆನ್ನಿಗೆ,
ಹಾಜರಿ ಪುಸ್ತಕದ ಕೆಂಪು ಶಾಯಿಯಲ್ಲಿ.

"ಚೌಕಾಬಾರದಾಗ ಕಾಯಿ ಸತ್ರ ಮನಿಗಿ ಹೋಗ್ತದ್ರೀ,
ಗರಾ ಬಿದ್ರ ಮತ್ತ ಹೊಂಡ್ತದ.
ಹೊರಗ್ಯಾಕ ಹಾಕ್ತೀರಿ?"

ಖಡು ಕೊಟ್ಟೆ.
ಮೊಣಕಾಲೂರಿ, ಲಂಗ ಒಳಗೆ ಸಿಕ್ಕಿಸಿ,
ಸಾಬಣ್ಣನ ಕಾಲು ಸರಿಸಿ,
ಚಿತ್ರದ ನಟ್ಟನಡುವಿನ ಕಲ್ಲಿಗೆ ಮೂಲೆಯಿಂದ ಮೂಲೆಗೆ
ಎರಡು ಗೆರೆ ಎಳೆದು ಕಟ್ಟೆ ಮಾಡಿದಳು.
"ಇಲ್ಲಿ ಯಾರೂ ಹೊಡ್ಯಂಗಿಲ್ಲ.
ಕುಂತು ಹೇಳಿಸ್ಕೊಂಡು ಹೋಗ್ಬೇಕು."

ಯಾರು ಹೇಳಿಕೊಡಬೇಕೇ, ಅಂದೆ.

"ಗೆದ್ದವ್ರು ಖಾಲಿನೇ ಕುಂತಿರ್ತಾರಲ್ರೀ."

ಆಗ ಕಂಡಿತು: ಎರಡು ಗೆರೆಯ ನನ್ನ ಗೆಲುವಿನಿಂದಲೂ
ಹೊರಡುವ ಬಾಣ ಒಂದೂ ಇರಲಿಲ್ಲ.
ಅವಳೇ ಎಳೆದಳು, ವಕ್ರವಕ್ರ,
ಹುಣಸೆಬೀಜಗಳನ್ನು ಬಳಸಿಕೊಂಡು ಕಟ್ಟೆಯವರೆಗೆ.

ಇಲಾಖೆಗೆ ಕಳಿಸಲು ಹಾಳೆಯ ಮೇಲೆ ಇಳಿಸಿದೆ.
ಸ್ಕೇಲು ಇಟ್ಟರೆ ಆ ಬಾಣ ಕಟ್ಟೆ ಮುಟ್ಟುವುದಿಲ್ಲ.
ಕೈಯಲ್ಲೇ ಎಳೆದೆ. ಚೊಕ್ಕಾಗಿಲ್ಲ.

ಸಂಜೆ ರುಕುಂಬಿ ಒದ್ದೆ ಅರಿವೆ ತಂದು
ಪಡಸಾಲೆ ಒರೆಸಿ ಹೋದಳು.
ಎಲ್ಲ ಚೌಕ, ಎಲ್ಲ ಬಾಣ ಹೋಗಿದ್ದವು.
ನಡುವಿನ ಕಲ್ಲು ಮಾತ್ರ ಒಣಗೇ ಇತ್ತು.
"ಕಟ್ಟಿ ಅದಲ್ರೀ," ಅಂದಳು, ಬಕೀಟು ಎತ್ತುತ್ತ,
"ಅದರ ಮ್ಯಾಲ ಹ್ಯಾಂಗ ಕೈ ಹಾಕಲಿ."

ಮುಕ್ಕಾಲು ಇವತ್ತೂ ಉಲ್ಟಾ ಬರೆದ ಸಾಬಣ್ಣ.
ಊಟದ ಗಂಟೆಯಾದಾಗ, ಯಾರೂ ಔಟ್ ಅನ್ನದಿದ್ದರೂ,
ತಾಟು ಹಿಡಿದು ಆ ಕಲ್ಲಿಗೇ ಹೋಗಿ ಕುಂತ.
ಜರಾ ಸರಿದು
ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟಿದ್ದ.