ಹನ್ನೊಂದನೆಯ ಪೀಪಾಯಿ

ಜ್ಯೂರಾದಲ್ಲಿ ಜನವರಿ ಅಂದರೆ
ಬೆಟ್ಟದ ಬೆನ್ನಿಗೆ ಹಿಮ, ಬಾಗಿಲ ಚಿಲಕಕ್ಕೆ ಹಿಮ,
ಅನ್ಸೆಲ್ಮ್ ಬೂವರೆಯ ಮೀಸೆಗೂ ಒಂದಿಷ್ಟು.
ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು.
ಅವನು ಎಣಿಸುವುದಿಲ್ಲ. ನಾನು ಎಣಿಸುತ್ತೇನೆ,
ಒಂಬತ್ತನೆಯದು ಸವೆದಿದೆ.

ಹೊಸಬಳು ನಾನು, ಇದು ಎರಡನೆಯ ಚಳಿಗಾಲ.
ಮೊದಲ ದಿನವೇ ಹೇಳಿದ್ದ:
ಬೇರೆ ಕಡೆಯವರು ಪೀಪಾಯಿ ಇಳಿದಷ್ಟೂ ತುಂಬುತ್ತಾರೆ,
ಗಾಳಿಗೆ ಹೆದರುತ್ತಾರೆ.
ನಾವು ತುಂಬುವುದಿಲ್ಲ.
ಆರು ವರ್ಷ, ಮೇಲೆ ಮೂರು ತಿಂಗಳು,
ಕುಡಿಯುವವರು ಕುಡಿಯಲಿ: ಮರ, ಗಾಳಿ, ಇನ್ಯಾರೋ.
ಉಳಿದದ್ದು ನಮ್ಮದು.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ಇಲ್ಲಿ ತುಂಬದ್ದೂ ತುಳುಕಕೂಡದು.
ಒಳಗೆ, ಕತ್ತಲಲ್ಲಿ, ವೈನಿನ ಮೇಲೆ
ಹಾಲಿನ ಕೆನೆಗಿಂತ ತೆಳುವಾದ ಒಂದು ಪೊರೆ,
ಬೂದುಬಣ್ಣದ್ದು, ಸುಕ್ಕುಸುಕ್ಕು, ಜೀವವಿರುವಂಥದ್ದು.
ಅದು ಹರಿದರೆ ಮುಗಿಯಿತು.
ಆದ್ದರಿಂದ ಹೆಜ್ಜೆ ಒತ್ತಿ ಇಡಬೇಡ,
ಸೀನು ಬಂದರೆ ಮೇಲೆ ಹೋಗಿ ಸೀನು.

ನಲ್ಲಿ ಪೀಪಾಯಿಯ ನಡುವಿಗಿದೆ.
ಗ್ಲಾಸಿಗೆ ಅರ್ಧ ಬೆರಳು ಹಿಡಿದರೆ
ಹಳೆಯ ಸರದ ಚಿನ್ನದ ಬಣ್ಣ.
ಮೊದಲ ಸಲ ಕುಡಿದಾಗ
ಕೆಟ್ಟಿದೆ ಅಂದುಬಿಟ್ಟಿದ್ದೆ.
ಅನ್ಸೆಲ್ಮ್ ನಗಲಿಲ್ಲ.
'ಇನ್ನೊಂದು ಗುಟುಕು' ಅಂದ.
ಎರಡನೆಯದಕ್ಕೆ ಅಕ್ರೋಟಿನ ಕಹಿ ಸಿಪ್ಪೆ.
ಮೂರನೆಯದಕ್ಕೆ ಯಾರೋ ಹುರಿದು ಮರೆತ ಮೆಂತ್ಯ.
ಆಮೇಲೆ ಉಪ್ಪು, ಸಮುದ್ರವನ್ನೇ ಕಾಣದ ಊರಿನಲ್ಲಿ.
ಸಂಜೆ ಸೈಕಲ್ಲು ತುಳಿದು
ಸೇತುವೆ ದಾಟಿದ ಮೇಲೂ ಬಾಯಲ್ಲಿತ್ತು.

ಈ ವರ್ಷ ನಾನೇ ಅವನಿಗೆ ಮೂಗು.
ಮಾರ್ಚಿನ ಜ್ವರ ಬಿಟ್ಟಿತು,
ಬಿಡುವಾಗ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತು.
ಬರಬಹುದು ಅಂದಿದ್ದಾಳೆ ಡಾಕ್ಟರು.
ಕಾಫಿ ಪುಡಿಯ ಡಬ್ಬಿ, ಲವಂಗದ ಶೀಶೆ,
ಬೆಳಗ್ಗೆ ಒಂದೊಂದನ್ನೂ ಮೂಗಿಗೆ ಹಿಡಿದು
ಪರೀಕ್ಷೆಗೆ ಕೂತ ಹುಡುಗನ ಹಾಗೆ ಊಹಿಸುತ್ತಾನೆ.
ಹೆಂಡತಿ ಜಿಲ್ಬೆರ್ತ್
ತಪ್ಪಾದರೂ ಸರಿ ಅನ್ನುತ್ತಾಳೆ.

'ಹೇಳು' ಅನ್ನುತ್ತಾನೆ ಪ್ರತಿ ಪೀಪಾಯಿಗೂ.
ಅಕ್ರೋಟು ಅಂದರೆ ಸಾಲದು.
'ಹಸಿಯದೋ ಒಣಗಿದ್ದೋ?
ಯಾರ ಜೇಬಿನಲ್ಲಿ ಎಷ್ಟು ದಿನ ಇದ್ದದ್ದು?'
ಹುಡುಕಿ ಹೇಳುತ್ತೇನೆ:
ನನ್ನಜ್ಜನ ಕೋಟು, ಎಡಗಡೆ ಜೇಬು, ಈಸ್ಟರಿನವರೆಗೆ,
ಜೊತೆಗೆ ತಂಬಾಕಿನ ಒಂದು ಚೂರು.
ಕಣ್ಣು ಮುಚ್ಚಿ ತಲೆಯಾಡಿಸುತ್ತಾನೆ,
ಬಳಪ ಕೇಳುತ್ತಾನೆ.

ಹನ್ನೊಂದನೆಯದು
ಮಗಳು ಹುಟ್ಟಿದ ವರ್ಷದ್ದಲ್ಲ, ಯಾವ ನೆನಪಿನದೂ ಅಲ್ಲ,
ಸುಮ್ಮನೆ ಅವನಿಗೆ ಇಷ್ಟ.
ಮೂಲೆಯಲ್ಲಿ, ಗವಾಕ್ಷಿಯ ಕೆಳಗೆ,
ಬೇಸಿಗೆಯ ಸೆಕೆಯೂ ಈ ಚಳಿಯೂ ನೇರ ಬಂದು ತಾಗುವ ಜಾಗ.
'ಕಷ್ಟ ಕಂಡದ್ದು' ಅನ್ನುತ್ತಾನೆ,
ತಟ್ಟುವುದಿಲ್ಲ, ಅಂಗೈ ಇಡುತ್ತಾನೆ ಅಷ್ಟೆ.

ಗ್ಲಾಸು ಮೂಗಿಗೆ ಬರುವ ಮೊದಲೇ ಗೊತ್ತಾಯಿತು:
ಉಗುರಿಗೆ ಹಚ್ಚುವ ಬಣ್ಣ, ಗೋಂದು,
ಹಿಂದೆಯೇ ಚೂಪಾದ ಹುಳಿ.
ಪೊರೆ ಎಲ್ಲೋ ಹರಿದಿದೆ.
ಆದರೂ ಬಾಯಿಗೆ ಹಾಕಿಕೊಂಡೆ,
ಹಾಕಿಕೊಂಡು ಹೇಳಿದೆ:
'ಅಕ್ರೋಟು. ಹೊಸ ಬೆಣ್ಣೆ. ಒಣಗಿದ ಸೇಬು,
ಸಣ್ಣಗೆ ಹೊಗೆ.'
ಜಿಲ್ಬೆರ್ತಳ ದನಿ, ನನ್ನ ಗಂಟಲಲ್ಲಿ.

ಅವನು ಸುಮ್ಮನಿದ್ದ.
ಮೇಲೆ ರಸ್ತೆಯಲ್ಲಿ ಹಾಲಿನ ಲಾರಿ ಹೋಯಿತು.
'ಹತ್ತಕ್ಕೂ ನುಂಗಿ, ತಡೆದು, ಆಮೇಲೆ ಬಾಯಿ ಬಿಟ್ಟೆ' ಅಂದ.
'ಇದಕ್ಕೆ ಮಾತು ಮೊದಲೇ ಸಿದ್ಧವಿತ್ತು.'

ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು
ಉಳಿದದ್ದನ್ನು ಎತ್ತಿದ.
ಮುಖ ಹುಳ್ಳಗಾಯಿತು.
ನಾಲಗೆ ಇನ್ನೂ ಅವನದೇ.
'ವಿನೆಗರ್. ಒಳ್ಳೆಯ ವಿನೆಗರ್.
ಸೌತೆಕಾಯಿ ಹಾಕಲಿ ಅವಳು.'
ಹನ್ನೊಂದರ ಮೇಲೆ ಬಳಪದ ಗೀಟು ಎಳೆದ,
ಸ್ವಲ್ಪ ವಕ್ರವಾಗಿ.

ಹನ್ನೆರಡನೆಯದಕ್ಕೆ ಹೋದೆವು.
ಹಿಡಿದೆ. ನುಂಗಿದೆ.
ಮೆಂತ್ಯ ಅಲ್ಲ, ಉಪ್ಪಲ್ಲ,
ಬೀಗ ಹಾಕಿದ ಇಗರ್ಜಿಯೊಳಗೆ
ಆಗತಾನೇ ಆರಿಸಿದ ಮೇಣದಬತ್ತಿ,
ಅದೂ ಅಲ್ಲ.
ಬಾಯಿ ತೆರೆದೆ, ಮುಚ್ಚಿದೆ.
ಅವನು ಕಾದ. ತುಂಬ ಹೊತ್ತು ಕಾದ.
ಆಮೇಲೆ ಬಳಪವನ್ನು ನನ್ನ ಕೈಗೆ ಕೊಟ್ಟು
'ಬರಿ' ಅಂದ,
'ಮುಟ್ಟಬೇಡಿ ಅಂತ.'